ಹೆಸರು ಬೇರೆ, ಹಿಟ್ಟು ಒಂದೇ

ಮೊದಲು ಒಂದು ತಪ್ಪೊಪ್ಪಿಗೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಸಸ್ಯಗಳ ಊರಹೆಸರನ್ನು ನಂಬಬೇಡಿ, ವೈಜ್ಞಾನಿಕ ಹೆಸರನ್ನು ನೋಡಿ ಎಂದು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದವನು. ಅಂಥ ನಾನೇ ನೇಪಾಳದ ನನ್ನ ಗೆಳೆಯರೊಬ್ಬರಿಗೆ ತಪ್ಪು ಪಾಠ ಹೇಳಿದೆ. ಅವರು ಮೂರು ವರ್ಷ ಅದನ್ನು ನಂಬಿಕೊಂಡಿದ್ದರು. ಕೊನೆಗೆ ಆ ತಪ್ಪನ್ನು ತಿದ್ದಿದವರು ಶಾಲೆಯ ಮೆಟ್ಟಿಲು ಹತ್ತಿರದ ಕೆನ್ಯಾ ದೇಶದ ಒಬ್ಬ ಮುದುಕಿ. ಅದೂ ಒಂದೇ ಒಂದು ಮಾತಿನಲ್ಲಿ.

ನೇಪಾಳ, ಕೆನ್ಯಾ, ಕುಣಿಗಲ್ಲು, ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಕೂಡಿಸಿದ್ದು ಸೂರ್ಯಗ್ರಹಣ. 2020ರ ಜೂನ್ 21ರಂದು ಕಂಕಣ ಗ್ರಹಣವಾಯಿತಲ್ಲ, ಆಗ ಕೊರೊನಾ ಕಾಲ, ಶಾಲೆಗಳಿಗೆ ಬೀಗ. ಕೆಲವು ದೇಶಗಳ ವಿಜ್ಞಾನ ಮೇಷ್ಟ್ರುಗಳು ಅಂತರಜಾಲದಲ್ಲಿ ಒಟ್ಟಿಗೆ ಕುಳಿತು ಗ್ರಹಣ ನೋಡೋಣ ಎಂದು ಮಾಡಿಕೊಂಡ ಏರ್ಪಾಟಿಗೆ ನನ್ನ ಮಗಳು ನನ್ನನ್ನೂ ಸೇರಿಸಿದಳು. ಆಫ್ರಿಕಾದಲ್ಲಿ ಹುಟ್ಟಿದ ಆ ಗ್ರಹಣದ ನೆರಳು ಅರಬ್ಬರ ನಾಡನ್ನು ದಾಟಿ, ಉತ್ತರ ಭಾರತವನ್ನು ಹಾದು ಪೂರ್ವಕ್ಕೆ ಹೋಯಿತು. ನಮ್ಮ ಮೂರೂ ಊರುಗಳಿಗೆ ಕಂಡದ್ದು ಪಾರ್ಶ್ವಗ್ರಹಣ ಮಾತ್ರ. ನಮ್ಮ ಮನೆಯ ಮುಂದಿನ ಹೊಂಗೆಮರದ ಎಲೆಗಳ ಸಂದಿನಿಂದ ನೆಲದ ಮೇಲೆ ನೂರಾರು ಕುಡುಗೋಲಿನಂಥ ಬಿಸಿಲ ಚೂರುಗಳು ಬಿದ್ದವು. ಅದನ್ನು ತೋರಿಸಿದೆ. ಕೆನ್ಯಾದ ಪಶ್ಚಿಮದ ಕಿಸಿ ಕಡೆಯ ಭೌತವಿಜ್ಞಾನದ ಮೇಷ್ಟ್ರು ತಮ್ಮ ಊರಿನ ಬೆಳಗಿನ ಸೂರ್ಯನನ್ನು ತೋರಿಸಿದರು. ನೇಪಾಳದ ಗೋರ್ಖಾ ಜಿಲ್ಲೆಯ ಬೆಟ್ಟದ ಹಳ್ಳಿಯ ಮೇಷ್ಟ್ರು ಒಂದು ರಟ್ಟಿನ ಡಬ್ಬಿಗೆ ತೂತು ಕೊರೆದು ತೋರಿಸಿದರು.

ಗ್ರಹಣ ಬಿಟ್ಟಿತು, ಸ್ನೇಹ ಬಿಡಲಿಲ್ಲ. ವಾರಕ್ಕೊಮ್ಮೆ ಮೂವರೂ ಮಾತಾಡತೊಡಗಿದೆವು. ಪಾಠ, ಪರೀಕ್ಷೆ, ಸಂಬಳ ಎಲ್ಲ ಮುಗಿದ ಮೇಲೆ ಮಾತು ಊಟಕ್ಕೆ ಬರುತ್ತಿತ್ತು. ನಮ್ಮ ವಯಸ್ಸಿನವರಲ್ಲಿ ಅದು ಸಹಜವೇ. ಕೆನ್ಯಾದವರು ನನ್ನನ್ನು 'ಮ್ವಾಲಿಮು' ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು. ನೇಪಾಳದವರು ಐದು ವರ್ಷ ಚಿಕ್ಕವರು. ನನಗೆ 'ದಾಯಿ', ಅಂದರೆ ಅಣ್ಣ, ಎನ್ನುತ್ತಾರೆ.

ಕೆನ್ಯಾದವರು ಒಂದು ದಿನ ತಮ್ಮ ತಟ್ಟೆಯ ಚಿತ್ರ ಕಳಿಸಿದರು. ಬೆಳ್ಳಗೆ ಉಪ್ಪಿಟ್ಟಿನ ಗಡ್ಡೆಯ ಹಾಗೆ ಏನೋ ಇತ್ತು, ಪಕ್ಕದಲ್ಲಿ ಹೆಚ್ಚಿ ಬಾಡಿಸಿದ ಸೊಪ್ಪು. ಅದು ಉಗಾಲಿ, ಮೆಕ್ಕೆಜೋಳದ ಹಿಟ್ಟಿನದು. ಸೊಪ್ಪಿನ ಹೆಸರು 'ಸುಕುಮಾ ವಿಕಿ'. ಹಾಗೆಂದರೆ 'ವಾರ ನೂಕು' ಎಂದರ್ಥವಂತೆ. ಕಾಸಿಲ್ಲದಾಗ ವಾರವನ್ನು ತಳ್ಳಿಸುವ ಸೊಪ್ಪು. ನಮ್ಮಲ್ಲಿ ಬಸ್ಸಾರು ಎಷ್ಟು ಬಡವರ ಮನೆಯ ವಾರಗಳನ್ನು ತಳ್ಳಿಸಿದೆ ಎಂದು ನೆನೆದುಕೊಂಡೆ. ಆದರೆ ಮೆಕ್ಕೆಜೋಳವೆಂದ ಮೇಲೆ ಅದಕ್ಕೂ ನನ್ನ ಮುದ್ದೆಗೂ ನಂಟಿಲ್ಲವೆಂದು ಸುಮ್ಮನಾದೆ.

ನೇಪಾಳದವರು ತಮ್ಮದು 'ಢಿಂಡೊ' ಎಂದರು. ಯಾವ ಹಿಟ್ಟು ಎಂದರೆ 'ಕೋದೊ' ಎಂದರು. ನಾನು ತಡಮಾಡದೆ, "ಓ, ಅದು ನಮ್ಮಲ್ಲಿ ಹಾರಕ" ಎಂದುಬಿಟ್ಟೆ. ಹಿಂದಿಯಲ್ಲಿ ಹಾರಕಕ್ಕೆ ಕೋದೋ ಎನ್ನುತ್ತಾರೆಂಬುದು ನನಗೆ ಗೊತ್ತಿತ್ತು. ಅರ್ಧ ಗೊತ್ತಿರುವುದು ಏನೂ ಗೊತ್ತಿಲ್ಲದ್ದಕ್ಕಿಂತ ಅಪಾಯ. ಅವರು, "ಆಗಲಿ ದಾಯಿ" ಎಂದು ಒಪ್ಪಿಕೊಂಡರು. ಅಣ್ಣನ ಮಾತಿಗೆ ಎದುರು ಹೇಳುವುದುಂಟೇ?

2023ರ ನವೆಂಬರಿನಲ್ಲಿ, ದೀಪಾವಳಿಯ ಆಸುಪಾಸಿಗೆ, ಮೂವರೂ ಬೆಂಗಳೂರಿನಲ್ಲಿ ಮುಖಾಮುಖಿ ಭೇಟಿಯಾಗುವ ಯೋಗ ಬಂತು. ಯೋಗವೆಂದರೆ ಸಂತೋಷದ ಕಾರಣಕ್ಕಲ್ಲ. ಕೆನ್ಯಾದ ಗೆಳೆಯರ ತಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅವರ ದೇಶದಿಂದ ಬೆಂಗಳೂರಿಗೆ ಚಿಕಿತ್ಸೆಗೆ ಬರುವವರು ಬಹಳ. ನೇಪಾಳದವರ ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮಗಳನ್ನು ನೋಡಲು ಅವರೂ ಬಂದರು. ನಾವಿಬ್ಬರು ಗಂಡಹೆಂಡತಿ ಹಬ್ಬಕ್ಕೆಂದು ನಮ್ಮ ಮಗಳ ಮನೆಗೆ ಬಂದಿದ್ದೆವು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಆ ತಾಯಿ ಊಟ ಮುಟ್ಟಲೊಲ್ಲರು. ಅನ್ನ, ರೊಟ್ಟಿ, ಬ್ರೆಡ್ಡು, ಸೂಪು, ಯಾವುದನ್ನು ಕೊಟ್ಟರೂ ಒಂದು ತುತ್ತು ತಿಂದು ಮುಖ ತಿರುಗಿಸುವರು. ನಾಲ್ಕು ದಿನಕ್ಕೆ ಮಗನ ಮುಖ ತಾಯಿಯ ಮುಖಕ್ಕಿಂತ ಬಾಡಿಹೋಗಿತ್ತು. "ಚಿಕಿತ್ಸೆಗೆಂದು ಹೊಲ ಅಡವಿಟ್ಟು ಬಂದೆ. ಈಗ ಹಸಿವಿನಿಂದ ಕಳೆದುಕೊಳ್ಳುತ್ತೇನೋ ಏನೋ, ಮ್ವಾಲಿಮು" ಎಂದರು. ಏನು ಹೇಳಬೇಕೋ ತೋಚಲಿಲ್ಲ.

ಮನೆಗೆ ಬಂದು ಹೇಳಿದೆ. ನನ್ನ ಹೆಂಡತಿ, "ರೀ, ಬಾಣಂತಿಯಾದರೂ ಅಷ್ಟೆ, ಕಾಯಿಲೆಯವರಾದರೂ ಅಷ್ಟೆ, ನಮ್ಮಲ್ಲಿ ಮೊದಲು ಕೊಡುವುದೇನು? ವೈದ್ಯರನ್ನು ಒಂದು ಮಾತು ಕೇಳಿ" ಎಂದಳು. ಕೇಳಿದೆ, ಆಗಬಹುದು ಎಂದರು. ಮಾರನೆಯ ಬೆಳಗ್ಗೆ ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ ಗಂಟಿಲ್ಲದಂತೆ ಕಾಯಿಸಿ, ಚೂರು ಬೆಲ್ಲ ಹಾಕಿ, ಫ್ಲಾಸ್ಕಿಗೆ ತುಂಬಿ ತಂದಳು. ಲೋಟಕ್ಕೆ ಬಗ್ಗಿಸಿದಾಗ ಆವಿಯೆದ್ದಿತು. ಕಣ್ಣು ಮುಚ್ಚಿ ಮಲಗಿದ್ದ ಆ ತಾಯಿ ಮೂಗನ್ನು ಅರಳಿಸಿದರು. ಕಣ್ಣು ತೆರೆದು ಲೋಟದೊಳಗೆ ನೋಡಿದರು. "ವಿಂಬಿ!" ಎಂದರು.

ಮಗ ಬೆಚ್ಚಿಬಿದ್ದವರಂತೆ ಲೋಟ ಇಸಿದುಕೊಂಡು ತಾವೂ ಮೂಸಿದರು. ವಿಂಬಿ ಎಂದರೆ ಸ್ವಾಹಿಲಿಯಲ್ಲಿ ರಾಗಿ. ವಿಂಬಿಯ ಗಂಜಿಗೆ ಅವರಲ್ಲಿ 'ಉಜಿ' ಎನ್ನುತ್ತಾರೆ. ಅವರಲ್ಲೂ ಬಾಣಂತಿಗೆ, ಕೂಸಿಗೆ, ಕಾಯಿಲೆಯವರಿಗೆ ಅದೇ. ಮುದುಕಿ ಅರ್ಧ ಲೋಟ ಕುಡಿದು ಏನೋ ಹೇಳಿದರು. ಮಗ ನಾಚಿಕೆಯಿಂದ ಅನುವಾದಿಸಿದರು: "ಚೆನ್ನಾಗಿದೆಯಂತೆ. ಆದರೆ ಹುಳಿ ಸಾಲದಂತೆ. ನಿಂಬೆಹಣ್ಣು ಇದೆಯೇ ಎಂದು ಕೇಳುತ್ತಿದ್ದಾರೆ." ನಾಲ್ಕು ದಿನ ತುತ್ತು ಒಲ್ಲೆನೆಂದವರು ರುಚಿಯಲ್ಲಿ ಕೊರತೆ ಹೇಳಿದರೆಂದರೆ ಅರ್ಧ ಗುಣವಾದಂತೆಯೇ. ನನ್ನ ಹೆಂಡತಿ ನಿಂಬೆಹಣ್ಣು ತರಲು ಓಡಿದಳು.

ಪಕ್ಕದಲ್ಲಿ ನಿಂತಿದ್ದ ನೇಪಾಳದ ಗೆಳೆಯರು ಲೋಟದ ತಳದಲ್ಲಿ ಉಳಿದದ್ದನ್ನು ಬೆರಳಿಂದ ನೆಕ್ಕಿ, ಮೆಲ್ಲಗೆ, "ದಾಯಿ, ಇದು ನಮ್ಮ ಕೋದೊ" ಎಂದರು. ಮೂರು ವರ್ಷ ನಾನು ಹಾರಕ ಎಂದು ಸಾಧಿಸಿದ್ದು ನಮ್ಮ ರಾಗಿಯೇ ಆಗಿತ್ತು. ಹಿಂದಿಯ ಕೋದೋ ಹಾರಕ, ನೇಪಾಳಿಯ ಕೋದೊ ರಾಗಿ. ಎರಡರ ಕುಲವೇ ಬೇರೆ. ನಾವೇನೋ ಇಂಗ್ಲಿಷಿನಲ್ಲಿ ಮಾತಾಡುವಾಗ ಮೂವರೂ 'ಮಿಲೆಟ್' ಎಂದೇ ಅನ್ನುತ್ತಿದ್ದೆವು. ಆ ಒಂದು ಪದದ ಚೀಲದೊಳಗೆ ನವಣೆ, ಸಾಮೆ, ಹಾರಕ, ಸಜ್ಜೆ, ರಾಗಿ ಎಲ್ಲ ಸೇರಿಕೊಂಡು ಯಾವುದು ಯಾವುದೆಂದು ತಿಳಿಯದೆ ಹೋಗಿತ್ತು. ವೈಜ್ಞಾನಿಕ ಹೆಸರು ಏತಕ್ಕೆ ಬೇಕು ಸಾರ್ ಎಂದು ಇನ್ನು ಮೇಲೆ ಯಾವ ಹುಡುಗ ಕೇಳಿದರೂ ಈ ಕಥೆ ಹೇಳುತ್ತೇನೆ. ರಾಗಿಯ ಹೆಸರು ಎಲ್ಯೂಸಿನೆ ಕೊರಕಾನ. ಅದರ ಎರಡನೆಯ ಪದದಲ್ಲಿರುವುದು ಸಿಂಹಳದ 'ಕುರಕ್ಕನ್'. ಶ್ರೀಲಂಕಾದಲ್ಲೂ ಅದರ ಮುದ್ದೆಯುಂಟು, ಅಲ್ಲಿ 'ತಲಪ'.

ತಾಯಿ ಆಸ್ಪತ್ರೆಯಿಂದ ಬಿಡುಗಡೆಯಾಗಿ ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಎಲ್ಲರನ್ನೂ ಮಗಳ ಮನೆಗೆ ಕರೆದೆವು. ಒಂದೇ ಹಿಟ್ಟು, ಮೂರು ದೇಶದ ಅಡುಗೆ ಎಂದು ನಿಶ್ಚಯವಾಯಿತು. ನನ್ನ ಹೆಂಡತಿ ಎಸರು ಮರಳಿದ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಮೇಲೆ ಕೈಯಾಡಿಸದೆ ಬೇಯಲು ಬಿಟ್ಟು, ಆಮೇಲೆ ಹಿಟ್ಟಿನ ಕೋಲಿನಿಂದ ತೊಳಸಿದಳು. ಕೆನ್ಯಾದವರು ಹಿಟ್ಟನ್ನು ಹಿಡಿಹಿಡಿಯಾಗಿ ಹಾಕುತ್ತ ಮೊದಲಿನಿಂದಲೂ ತಿರುವಿದರು. ಅವರ ಮರದ ಸೌಟಿಗೆ 'ಮ್ವಿಕೊ' ಎಂದು ಹೆಸರು. ತಾಯಿ ಕುರ್ಚಿಯಲ್ಲಿ ಕುಳಿತು ಮಗನಿಗೆ, ಇನ್ನೂ ಗಟ್ಟಿ, ಇನ್ನೂ ಗಟ್ಟಿ ಎಂದು ಸನ್ನೆ ಮಾಡುತ್ತಿದ್ದರು. ಅವರೂರಲ್ಲಿ ಇದಕ್ಕೆ ಮರಗೆಣಸಿನ ಹಿಟ್ಟನ್ನೂ ಬೆರೆಸುವುದುಂಟು. ನೇಪಾಳದವರ ಢಿಂಡೊ ಸ್ವಲ್ಪ ಮೆತ್ತಗೆ. ಅದಕ್ಕೆ ಜೊತೆ 'ಗುಂದ್ರುಕ್'. ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪುಗಳನ್ನು ಹುಳಿಬರಿಸಿ ಒಣಗಿಸಿ ಇಟ್ಟುಕೊಂಡು ಚಳಿಗಾಲದಲ್ಲಿ ಸಾರು ಮಾಡುತ್ತಾರೆ. ಮಗಳಿಗೆಂದು ತಂದದ್ದರಲ್ಲಿ ನಮಗೂ ಒಂದು ಹಿಡಿ ಕೊಟ್ಟಿದ್ದರು. ವಾಸನೆ ಸ್ವಲ್ಪ ಗಡುಸು. ಎರಡನೆಯ ತುತ್ತಿಗೆ ಇಷ್ಟವಾಯಿತು.

ಅಡುಗೆ ಮಾಡುತ್ತ ನೇಪಾಳದವರು ಒಂದು ಪ್ರಶ್ನೆ ಹಾಕಿದರು. ನಮ್ಮ ಬೆಟ್ಟದಲ್ಲಿ ಅಕ್ಕಿ ಬೇಯಲು ತಡವಾಗುತ್ತದೆ, ಢಿಂಡೊಗೆ ಅಂಥ ತಕರಾರಿಲ್ಲ, ಏಕೆ? ಮೂವರು ಮೇಷ್ಟ್ರುಗಳು ಸೇರಿದ ಕಡೆ ಇಂಥದಕ್ಕೆ ಬರವೇ? ಎತ್ತರ ಹೋದಂತೆ ಗಾಳಿಯ ಒತ್ತಡ ಇಳಿದು ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಬೆಂಗಳೂರಿನಲ್ಲಿ 97 ಡಿಗ್ರಿ, 1,700 ಮೀಟರಿನ ಕಿಸಿಯಲ್ಲಿ 94ರ ಸುಮಾರು, ಎರಡು ಸಾವಿರ ಮೀಟರಿನ ಬೆಟ್ಟದಲ್ಲಿ 93. ಆ ಕಡಿಮೆ ಬಿಸಿಯಲ್ಲಿ ಇಡೀ ಅಕ್ಕಿಕಾಳಿನ ಒಳಗಿನವರೆಗೆ ನೀರು ಇಳಿದು ಬೇಯುವುದು ನಿಧಾನ. ಹಿಟ್ಟಿನದು ಹಾಗಲ್ಲ, ಕಣ ಸಣ್ಣದು, ನೀರು ಕೂಡಲೇ ತಾಗುತ್ತದೆ. ಅದರೊಳಗಿನ ಪಿಷ್ಟ 70 ಡಿಗ್ರಿಯ ಆಸುಪಾಸಿನಲ್ಲೇ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಗೋಧಿಯಲ್ಲಿರುವ ಅಂಟುಪ್ರೋಟೀನು ರಾಗಿಯಲ್ಲಿಲ್ಲ. ಮುದ್ದೆಯನ್ನು ಹಿಡಿದಿಡುವುದು ಈ ಉಬ್ಬಿದ ಪಿಷ್ಟವೇ. ಆದ್ದರಿಂದಲೇ ಬೆಟ್ಟದವನಿಗೂ ಬಯಲಿನವನಿಗೂ ಮುದ್ದೆ ಒಲಿಯಿತು.

ಊಟಕ್ಕೆ ಕುಳಿತಾಗ ಜಗಳ ಆರಂಭವಾಯಿತು. ಕೆನ್ಯಾದವರು ಉಂಡೆ ಮಾಡಿ, ಹೆಬ್ಬೆರಳಿಂದ ಅದಕ್ಕೆ ಗುಳಿ ಮಾಡಿ, ಆ ಗುಳಿಯಲ್ಲಿ ಸೊಪ್ಪು ತುಂಬಿಕೊಂಡು ಬಾಯಿಗಿಟ್ಟು ಅಗಿದರು. ನಾನು ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ನೇಪಾಳದವರೂ ನುಂಗಿದರು. "ಮ್ವಾಲಿಮು, ಜೊಲ್ಲಿನ ಕಿಣ್ವ ಪಿಷ್ಟವನ್ನು ಬಾಯಲ್ಲೇ ಜೀರ್ಣಿಸಲು ತೊಡಗುತ್ತದೆ ಎಂದು ನೀವೇ ಅಲ್ಲವೇ ಪಾಠ ಮಾಡುವುದು?" ಎಂದು ಅವರು ಕೇಳಿದರು. ಹೌದು, ತುತ್ತನ್ನು ಮೂವತ್ತೆರಡು ಸಲ ಅಗಿಯಿರಿ ಎಂದು ತರಗತಿಯಲ್ಲಿ ಹೇಳಿ ಮಧ್ಯಾಹ್ನ ಮನೆಗೆ ಬಂದು ಮುದ್ದೆ ನುಂಗುವವನು ನಾನು. ಉಳಿದದ್ದನ್ನು ಸಣ್ಣ ಕರುಳು ನೋಡಿಕೊಳ್ಳುತ್ತದೆ ಎಂದು ಜಾರಿಕೊಂಡೆ. ತೀರ್ಪು ಇನ್ನೂ ಆಗಿಲ್ಲ. ಅವರಿಬ್ಬರ ನಾಡಿನಲ್ಲೂ ರಾಗಿಯನ್ನು ಹುಳಿಬರಿಸಿ ಕುಡಿಯುವ ಪದ್ಧತಿಯುಂಟು. ಕೆನ್ಯಾದಲ್ಲಿ 'ಬುಸಾ', ಪೂರ್ವ ನೇಪಾಳದಲ್ಲಿ ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವ 'ತೋಂಗ್ಬಾ'. ನಾನು ಅಂಬಲಿಯವನು, ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಉಂಡ ಮೇಲೆ ಬಂದ ಮಾತು ಮಾತ್ರ ನಗುವಂಥದಾಗಿರಲಿಲ್ಲ. ನೇಪಾಳದವರು ಹೇಳಿದರು: ನಾವು ಚಿಕ್ಕವರಿದ್ದಾಗ ನೆಂಟರು ಬಂದರೆ ಅಮ್ಮ ಢಿಂಡೊ ಪಾತ್ರೆಯನ್ನು ಮರೆಮಾಡಿ ಅಕ್ಕಿ ಹುಡುಕುತ್ತಿದ್ದಳು. ಢಿಂಡೊ ಬಡವರ ಊಟ, ಅನ್ನ ದೊಡ್ಡವರ ಊಟ. ಕೆನ್ಯಾದವರು ಹೇಳಿದರು: ನಮ್ಮ ಶಾಲೆಯಲ್ಲಿ ಕೊಡುತ್ತಿದ್ದುದು ಬಿಳಿಯ ಮೆಕ್ಕೆಜೋಳದ ಉಗಾಲಿ. ಮನೆಯ ಕಂದು ಉಗಾಲಿ ಮುದುಕರದು ಎಂದು ನಗುತ್ತಿದ್ದೆವು. ಅಮೆರಿಕದಿಂದ ಬಂದ ಮೆಕ್ಕೆಜೋಳ ಅವರ ಹೊಲಗಳನ್ನೂ ತಟ್ಟೆಗಳನ್ನೂ ಬಹುಪಾಲು ಆಕ್ರಮಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೇ ಅವರು ಕಳಿಸಿದ ಚಿತ್ರದಲ್ಲಿ ಉಗಾಲಿ ಬೆಳ್ಳಗಿತ್ತು.

ಇಬ್ಬರೂ ಹೇಳಿದ ಮೇಲೆ ನಾನೂ ಹೇಳಲೇಬೇಕಾಯಿತು. ಎಂಬತ್ತರ ದಶಕದಲ್ಲಿ ತುಮಕೂರಿನ ಹಾಸ್ಟೆಲಿನಲ್ಲಿದ್ದೆ. ಅವ್ವ ಹದಿನೈದು ದಿನಕ್ಕೊಮ್ಮೆ ಬಸ್ಸು ಹಿಡಿದು ರಾಗಿರೊಟ್ಟಿಯ ಗಂಟು ತರುತ್ತಿದ್ದಳು. ಜೊತೆಯ ಹುಡುಗರು ನನ್ನನ್ನು 'ಹಿಟ್ಟು' ಎಂದು ಕರೆಯತೊಡಗಿದರು. ನಾನು ಅವ್ವನಿಗೆ, ಇನ್ನು ರಾಗಿ ತರಬೇಡ, ತಂದರೆ ಗೇಟಿನಲ್ಲೇ ನಿಲ್ಲು ಎಂದೆ. ಅವಳು ಏನೂ ಅನ್ನಲಿಲ್ಲ. ಮುಂದಿನ ಸಲ ಹುಳಿಯನ್ನ ತಂದಳು. ಗೆಳೆಯರೊಂದಿಗೆ ಹಂಚಿಕೊಂಡು ಖುಷಿಯಾಗಿ ತಿಂದೆ. ಆ ಅಕ್ಕಿಯನ್ನು ಪಕ್ಕದ ಮನೆಯಿಂದ ಸಾಲ ತಂದಿದ್ದಳು, ತೀರಿಸಲು ಅವರ ಹೊಲದಲ್ಲಿ ಎರಡು ದಿನ ಕಳೆ ಕಿತ್ತಳು ಎಂದು ನನಗೆ ತಿಳಿದದ್ದು ಅವಳು ತೀರಿಕೊಂಡ ಮೇಲೆ, ಪಕ್ಕದ ಮನೆಯವರ ಬಾಯಿಂದ.

ಅಕ್ಕಿ ಮೇಲೋ ರಾಗಿ ಮೇಲೋ ಎಂಬ ಜಗಳವನ್ನು ಕನಕದಾಸರು ಹದಿನಾರನೆಯ ಶತಮಾನದಲ್ಲೇ 'ರಾಮಧಾನ್ಯ ಚರಿತೆ'ಯಲ್ಲಿ ಬಿಡಿಸಿಟ್ಟಿದ್ದಾರೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಬತ್ತ ಸೊರಗಿತು, ರಾಗಿ ಗಟ್ಟಿಯಾಗಿ ಉಳಿಯಿತು. ಇದು ಬರಿಯ ಕಾವ್ಯವಲ್ಲ. ನಮ್ಮ ಹಗೇವುಗಳಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ವಿಂಬಿಯನ್ನೂ ಹಾಗೆಯೇ ಬರದ ವರ್ಷಕ್ಕೆಂದು ಎತ್ತಿಡುತ್ತಿದ್ದೆವು ಎಂದು ಆ ತಾಯಿ ಹೇಳಿದರು. ಕನಕದಾಸರ ಕಥೆಯನ್ನು ಮಗ ಅವರಿಗೆ ಹೇಳಿದಾಗ, ಗೆದ್ದದ್ದು ತಮ್ಮ ಮನೆಯ ಧಾನ್ಯವೇ ಎಂಬಂತೆ ತಲೆದೂಗಿದರು.

ನಿಜಕ್ಕೂ ಅದು ಅವರ ಮನೆಯದೇ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾ ಉಗಾಂಡಗಳ ಕಡೆ. ಅದರ ಕಾಡುಪೂರ್ವಜ ಅಲ್ಲಿ ಇಂದಿಗೂ ಬೆಳೆಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಹೆಸರಿಲ್ಲದ ಜನ ಅದರ ಬೀಜ ತಂದರು. ಇಲ್ಲಿಯ ಕೆಂಪುಮಣ್ಣಿಗೆ ಅದು ಒಗ್ಗಿಕೊಂಡಿತು. ನಾವು ಅಪ್ಪಟ ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಮುದ್ದೆ ಮೂಲದಲ್ಲಿ ನೆಂಟರ ಮನೆಯಿಂದ ಬಂದದ್ದು.

ಮರುದಿನ ಇಬ್ಬರು ಗೆಳೆಯರನ್ನೂ ಕುಣಿಗಲ್ಲಿನ ಬಳಿಯ ನಮ್ಮ ಹೊಲಕ್ಕೆ ಕರೆದೊಯ್ದೆ. 2023 ಬರದ ವರ್ಷ. ಪೈರು ಮೊಣಕಾಲಿಗೂ ಬಂದಿರಲಿಲ್ಲ. ಆದರೂ ಅಲ್ಲಲ್ಲಿ ಮುಷ್ಟಿ ಬಿಗಿದಂತಹ ತೆನೆಗಳಿದ್ದವು. ಕೆನ್ಯಾದವರು ಒಂದು ತೆನೆ ಹಿಡಿದು, "ಇದು ನಮ್ಮ ಕಡೆಯ ತೆನೆಯ ಹಾಗೇ ಇದೆ" ಎಂದರು. ಇರಲೇಬೇಕು ಎಂದು ನಾನು ರಾಗಿ ಲಕ್ಷ್ಮಣಯ್ಯನವರ ಕಥೆ ಹೇಳಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಜೀವ ತೇಯ್ದ ಆ ತಳಿವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಹೊಸ ತಳಿಗಳನ್ನು ತಂದರು. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗವನ್ನು ತಾನೇ ಮುಗಿಸಿಕೊಳ್ಳುವಂಥದು; ಅದನ್ನು ಬೇರೆಯದರೊಡನೆ ಬೆರೆಸುವುದು ಎಂಥ ತಾಳ್ಮೆಯ ಕೆಲಸ ಎಂದು ಜೀವಶಾಸ್ತ್ರ ಓದಿದವರಿಗೆ ಗೊತ್ತು. ಎಪ್ಪತ್ತರ ದಶಕದಿಂದ ಹೊರಬಂದ ಆ ತಳಿಗಳಿಗೆ ಅವರಿಟ್ಟ ಹೆಸರು 'ಇಂಡಾಫ್'. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಆಮೇಲೆ ಮನೆಮಾತಾದ ಜಿಪಿಯು-28 ತಳಿಯ ವಂಶದಲ್ಲೂ ಇಂಡಾಫ್ ಇದೆ. ನಾವು ಮೂವರು ಗಣಕದ ಪರದೆಯಲ್ಲಿ ಕೈಬೀಸುವ ಎಷ್ಟೋ ವರ್ಷ ಮೊದಲೇ ಮಂಡ್ಯದ ಹೊಲದಲ್ಲಿ ಎರಡು ಖಂಡಗಳು ಭೇಟಿಯಾಗಿದ್ದವು.

ರಾಗಿಗೆ ಈಗ ಶುಕ್ರದೆಸೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಢಿಂಡೊ ಕಾಠ್ಮಂಡುವಿನ ಹೋಟೆಲುಗಳನ್ನು ಸೇರಿದೆ, ಮುದ್ದೆ ಬೆಂಗಳೂರಿನ ದೊಡ್ಡ ಹೋಟೆಲುಗಳನ್ನು ಸೇರಿದೆ. ಹೊಗಳುವ ಭರದಲ್ಲಿ ಅದನ್ನು ಅಮೃತ ಮಾಡುವುದೂ ಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಷ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಆದರೆ ರಾಗಿಯಲ್ಲಿರುವ ಫೈಟೇಟು ಎಂಬ ಪದಾರ್ಥ ಅದರಲ್ಲಿ ಒಂದು ಪಾಲನ್ನು ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಕಟ್ಟಿದರೆ, ಹುಳಿಬರಿಸಿದರೆ ಆ ತಡೆ ಸಡಿಲವಾಗುತ್ತದೆ. ನಮ್ಮವರ ಮೊಳಕೆ ಹಿಟ್ಟು, ಕೆನ್ಯಾದವರ ಹುಳಿ ಉಜಿ ಎರಡರಲ್ಲೂ ಈ ಲೆಕ್ಕಾಚಾರ ಅಡಗಿದೆ. ಅದನ್ನು ಕಂಡುಕೊಂಡವರು ಅಡುಗೆಮನೆಯ ಹೆಂಗಸರು. ನಾವು ಹೆಸರಿಟ್ಟೆವು ಅಷ್ಟೆ.

2024ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡುವುದು ಆರಂಭವಾಯಿತು. ಮೊದಲ ದಿನ ನನ್ನ ತರಗತಿಯ ಒಬ್ಬ ಹುಡುಗ ಲೋಟ ಹಿಡಿದು, "ಸಾರ್, ಇದು ನಮ್ಮ ಮನೇಲಿ ಡೈಲಿ ಮಾಡ್ತಾರೆ" ಎಂದು ಪಿಸುಗುಟ್ಟಿದ. ಹೇಳಬಾರದ್ದನ್ನು ಹೇಳಿದ ದನಿ. "ಗಟ್ಟಿಯಾಗಿ ಹೇಳೋ" ಎಂದೆ. ಗೋಡೆಯ ಭೂಪಟದಲ್ಲಿ ಕಿಸಿಯನ್ನೂ ಗೋರ್ಖಾವನ್ನೂ ತೋರಿಸಿ, ಅಲ್ಲಿಯ ಮೇಷ್ಟ್ರುಗಳ ಮನೆಯಲ್ಲೂ ಇದೇ ಮಾಡುತ್ತಾರೆ ಎಂದು ಹೇಳಿದೆ.

ಕೆನ್ಯಾದ ತಾಯಿ ಈಗ ಆರೋಗ್ಯವಾಗಿದ್ದಾರೆ. ಹೋಗುವಾಗ ನನ್ನ ಹೆಂಡತಿ ಕಟ್ಟಿಕೊಟ್ಟ ಹಿಟ್ಟಿನ ಕೋಲಿನಿಂದಲೇ ಮಗನಿಗೆ ಉಗಾಲಿ ತಿರುವಿಸುತ್ತಾರಂತೆ. ಕಳೆದ ವಾರ ಪರದೆಯ ಮೇಲೆ ಬಂದು ಅದನ್ನು ಎತ್ತಿ ತೋರಿಸಿ ಏನೋ ಹೇಳಿ ನಕ್ಕರು. ಮಗ ಅನುವಾದಿಸಿದರು: "ಕೋಲು ಚೆನ್ನಾಗಿದೆಯಂತೆ. ಆದರೆ ನೀವು ಇನ್ನೂ ಅಗಿಯದೇ ನುಂಗುತ್ತೀರಾ ಎಂದು ಕೇಳುತ್ತಿದ್ದಾರೆ."